ಮಳೆ ಪುಸ್ತಕದಿಂದ ಅಚ್ಚಿನ ಪುಟಕ್ಕೆ

ಹಕ್ಕಿ ಬಂದ ದಿನ, ಹೂಮಳೆ ಸುರಿದ ರಾತ್ರಿ, ಸೀತಾಳೆ ದಂಡೆ ಅರಳಿದ ಮರ: ಕಾಫಿ ಸೀಮೆಯ ಮನೆಮನೆಯಲ್ಲೂ ಬರೆಯದೇ ಉಳಿದ ಲೇಖನವೊಂದಿದೆ. ನೋಡಿದವರು ನೀವು. ಸಂಪಾದಕರಿಗೆ ಬೇಕಾದದ್ದೂ ಅದೇ. ಮೊದಲ ಪ್ಯಾರಾದಲ್ಲಿ ‘ಸಹ್ಯಾದ್ರಿಯ ಮಡಿಲು’ ಮಾತ್ರ ಬೇಡ!

ಉತ್ತರೆ ಮಳೆ ಹೊಳವು ಕೊಟ್ಟ ಮಧ್ಯಾಹ್ನ. ಚಾರ್ಮಾಡಿ ಘಾಟಿ ಹತ್ತಿ ಬಂದ ಬಸ್ಸು ಮಂಜಿನೊಳಗಿಂದ ಹೊರಬಿದ್ದು ಕೊಟ್ಟಿಗೆಹಾರದಲ್ಲಿ ನಿಲ್ಲುತ್ತದೆ. ಕಾಲು ಜೋಮು ಹಿಡಿದ ಪ್ರಯಾಣಿಕರು ಇಳಿದವರೇ ಹೋಟೆಲಿಗೆ ನುಗ್ಗುತ್ತಾರೆ. ಕಾವಲಿಯ ಮೇಲೆ ನೀರುದೋಸೆ ಚುಂಯ್ ಅನ್ನುತ್ತಿದೆ. ಬಾಗಿಲ ಮೂಲೆಯಲ್ಲಿ ಒದ್ದೆ ಕೊಡೆಗಳ ರಾಶಿ.

ಅದೇ ಹೊತ್ತಿಗೆ, ಈ ಸೀಮೆಯ ಯಾವುದೋ ತೊರೆಯ ನೆನೆದ ಬಂಡೆಯ ಮೇಲೆ ಇಂಚಿನಷ್ಟುದ್ದದ ಗಂಡು ಕಪ್ಪೆಯೊಂದು ಹಿಂಗಾಲನ್ನು ನೀಳವಾಗಿ ಚಾಚುತ್ತದೆ. ಬೆರಳುಗಳ ನಡುವಿನ ಪೊರೆ ಬಿಚ್ಚಿ ತೋರಿಸುತ್ತದೆ, ಮತ್ತೆ ಮಡಚಿಕೊಳ್ಳುತ್ತದೆ. ನೀರಿನ ಮೊರೆತದಲ್ಲಿ ಕೂಗಿದರೆ ಕೇಳಿಸುವುದು ಕಷ್ಟ. ಅದಕ್ಕೇ ಕಾಲೆತ್ತಿ ಸನ್ನೆ.

ಕಪ್ಪೆಯ ವೈಜ್ಞಾನಿಕ ಹೆಸರು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ದೋಸೆ ಹೋಟೆಲಿನ ಊರೇ ಅದರ ಹೆಸರಿನಲ್ಲಿದೆ! 1937ರಲ್ಲಿ ಅದನ್ನು ಮೊದಲು ವರ್ಣಿಸಿ ಪ್ರಕಟಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಆಗ ಕೊಟ್ಟಿಗೆಹಾರ ಇದ್ದದ್ದು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯಲ್ಲಿ. ರಾಯರು ಸಂಗ್ರಹಿಸಿಟ್ಟ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಉಳಿದದ್ದು ಅಚ್ಚಾದ ವರ್ಣನೆ, ಜೊತೆಗೆ ಕಪ್ಪೆ ಸಿಕ್ಕಿದ ಊರಿನ ಹೆಸರು. 2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕುಣಿಯುವ ಕಪ್ಪೆಗಳನ್ನೆಲ್ಲ ಜಾಲಾಡಿ ಒಂದೇ ಪ್ರಬಂಧದಲ್ಲಿ 14 ಹೊಸ ಪ್ರಭೇದ ಸೇರಿಸಿದಾಗ, ಹಳೆಯ ಪ್ರಭೇದಗಳ ಲೆಕ್ಕ ಚುಕ್ತಾ ಮಾಡಲು ನೆರವಾದದ್ದು ಇಂಥ ಹಳೆಯ ಪುಟಗಳೇ.

ರಾಯರು ವಿಜ್ಞಾನಿ, ಅವರಿಗೆ ಬರೆಯುವುದು ಕಸುಬು. ಆದರೆ ಮೂಡಿಗೆರೆ, ಕಳಸ, ಬಾಳೆಹೊನ್ನೂರಿನ ಕಡೆ ಅದೇ ತೊರೆಯ ಪಕ್ಕ ವರ್ಷವಿಡೀ ಓಡಾಡುವವರು ನೂರಾರು ಜನ. ಅವರಲ್ಲಿ ಹಕ್ಕಿಯ ಹುಚ್ಚಿನವರಿದ್ದಾರೆ, ಗಾಳ ಹಾಕುವವರಿದ್ದಾರೆ, ಡೇಲಿಯಾ ಗೆಡ್ಡೆ ಹಂಚಿಕೊಳ್ಳುವ ಅಕ್ಕಂದಿರಿದ್ದಾರೆ, ಕ್ಯಾಮೆರಾ ಹೊತ್ತ ಹುಡುಗರಿದ್ದಾರೆ. ಹವ್ಯಾಸದ ಪತ್ರಿಕೆ ಬಂದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಓದುತ್ತಾರೆ. ‘ನೀವೂ ಬರೀರಿ’ ಅಂದರೆ ಮಾತ್ರ ಸಿಗುವ ಉತ್ತರ ಒಂದೇ: ‘ನಮಗೆಲ್ಲಿ ಬರುತ್ತೆ ಮಾರಾಯ್ರೆ!’

### ತೋಟದ ಮನೆಯ ಮೊದಲ ಹಸ್ತಪ್ರತಿ

ಬರೆಯುವುದು ಬರುವುದಿಲ್ಲ ಎನ್ನುವ ಇದೇ ಮನೆಗಳಲ್ಲಿ ಒಂದು ಪುಸ್ತಕ ಇರುತ್ತದೆ. ಅಂಗಳದ ಮಳೆಮಾಪಕದಲ್ಲಿ ಬಿದ್ದ ನೀರನ್ನು ಬೆಳಗ್ಗೆ ಅಳೆದು ಬರೆದಿಡುವ ಮಳೆ ಪುಸ್ತಕ. ದೇಶ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ಕಾಫಿ ಬೆಳೆಗಾರರ ಬಾಯಲ್ಲಿ ಮಳೆ ಇನ್ನೂ ಇಂಚು–ಸೆಂಟಿನಲ್ಲೇ ಇದೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು. ‘ನಿಮ್ಮಲ್ಲೆಷ್ಟು?’ ‘ಒಂದು ಇಂಚು ಇಪ್ಪತ್ತು ಸೆಂಟು.’ ಫೋನಿನಲ್ಲಿ ಕುಶಲ ವಿಚಾರಿಸುವ ಮೊದಲೇ ಈ ಮಾತು.

ಅಪ್ಪನ ಕಾಲದಿಂದ ಬಂದ ಇಂಥ ಪುಸ್ತಕ ಹಲವು ತೋಟಗಳಲ್ಲಿದೆ. ಕೆಲವರು ಅದರ ಅಂಚಿನಲ್ಲೇ ಆನೆ ಬಂದದ್ದು, ಬಾವಿ ಬತ್ತಿದ್ದು, ಹೂಮಳೆಯಾದ ಎಷ್ಟು ದಿನಕ್ಕೆ ರೋಬಸ್ಟಾ ಬಿಳಿಯಾಯಿತು ಎಂಬುದನ್ನೂ ಗೀಚಿಡುತ್ತಾರೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ, ಕಳಸದ ಕಡೆ ಗುಡ್ಡಗಳು ಕುಸಿದು ತೋಟ, ಮನೆ ಕೊಚ್ಚಿಹೋದವು. ಆ ವಾರ ಯಾವ ಕಣಿವೆಯಲ್ಲಿ ಯಾವ ದಿನ ಎಷ್ಟು ಸುರಿಯಿತು ಎಂದು ಕೇಳಿದರೆ, ತಾಲ್ಲೂಕು ಕೇಂದ್ರದ ಒಂದು ಅಂಕಿಗಿಂತ ಹತ್ತು ತೋಟಗಳ ಹತ್ತು ಪುಸ್ತಕ ಹೆಚ್ಚು ಹೇಳುತ್ತವೆ. ಇಲ್ಲಿ ಒಂದು ಗುಡ್ಡದ ಆಚೆ ಈಚೆಯೇ ಮಳೆ ಬೇರೆ.

ಇದು ಲೇಖನ ಅಲ್ಲವೆ? ನನ್ನ ಮಟ್ಟಿಗೆ, ತೊಂಬತ್ತು ಪಾಲು ಲೇಖನ ಇದೇ. ಉಳಿದ ಹತ್ತು ಪಾಲು ಅದನ್ನು ಸಂಪಾದಕರ ಮೇಜಿಗೆ ಸರಿಯಾಗಿ ಮುಟ್ಟಿಸುವ ಕೆಲಸ.

ಬಾಕ್ಸ್: ತೋಟದಿಂದ ಪತ್ರಿಕೆಗೆ

ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯ ಕಾಫಿ ಬೆಳೆಗಾರ ಆರ್.ಸಿ. ಮಾರಿಸ್ ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ಗೆ ಕಾಟಿ, ಆನೆ, ಹುಲಿಗಳ ಬಗ್ಗೆ ಲೆಕ್ಕವಿಲ್ಲದಷ್ಟು ಟಿಪ್ಪಣಿ ಕಳಿಸಿದರು. ಸೊಸೈಟಿ ಹುಟ್ಟಿದ್ದು 1883ರಲ್ಲಿ, ಜರ್ನಲ್ 1886ರಲ್ಲಿ. ಅದರ ಹಿಂಬದಿಯ ‘ಬಿಡಿ ಟಿಪ್ಪಣಿ’ಗಳ ಭಾಗ ತುಂಬಿದ್ದು ಬಹುಪಾಲು ಬೆಳೆಗಾರರು, ಅರಣ್ಯಾಧಿಕಾರಿಗಳು, ವೈದ್ಯರಂಥ ಹವ್ಯಾಸಿಗಳಿಂದ.

1960ರ ಆಸುಪಾಸಿನಲ್ಲಿ ಜಾಫರ್ ಫತೇಹಳ್ಳಿ ಮುಂಬೈಯಲ್ಲಿ ಸೈಕ್ಲೋಸ್ಟೈಲ್ ಹಾಳೆಗಳಾಗಿ ಆರಂಭಿಸಿದ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಮುಂದೆ ಬೆಂಗಳೂರಿನಿಂದ ಹೊರಬಂತು. ದೇಶದ ಮೂಲೆಮೂಲೆಯ ಓದುಗರೇ ಅದರ ಲೇಖಕರು.

ಪುತ್ತೂರಿನಲ್ಲಿ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಸಂಪಾದಕ ಶ್ರೀಪಡ್ರೆ ಮತ್ತು ಬಳಗ ಬೆಳೆಗಾರರನ್ನು ಕೂರಿಸಿ ಬರವಣಿಗೆಯ ಶಿಬಿರಗಳನ್ನೇ ನಡೆಸಿದರು.

### ಮಂದಣ್ಣನಿಗೆ ಗೊತ್ತಿದ್ದದ್ದು

ಕಾಫಿ ಸೀಮೆಯಲ್ಲಿ ಬರವಣಿಗೆ ಅಂದಕೂಡಲೇ ಲೇಖಕ ಪೂರ್ಣಚಂದ್ರ ತೇಜಸ್ವಿ ಎದುರಿಗೆ ಬಂದು ನಿಲ್ಲುತ್ತಾರೆ. ಸೆಪ್ಟೆಂಬರ್ 8 ಅವರ ಜನ್ಮದಿನ. 1938ರಲ್ಲಿ ಹುಟ್ಟಿ, 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ ‘ನಿರುತ್ತರ’ದಲ್ಲಿ ತೀರಿಕೊಂಡರು. ಕೊಟ್ಟಿಗೆಹಾರದಲ್ಲೇ ಅವರ ಹೆಸರಿನ ಪ್ರತಿಷ್ಠಾನವಿದೆ. ಪ್ರತಿ ಸೆಪ್ಟೆಂಬರಿನಲ್ಲೂ ಅವರನ್ನು ನೆನೆದು ಬರುವ ಬರಹಗಳಲ್ಲಿ ಮುಕ್ಕಾಲುಪಾಲು ಅವರ ಧಾಟಿಯ ಅನುಕರಣೆ. ಒಬ್ಬ ಮುಂಗೋಪಿ ಲೇಖಕ, ಒಬ್ಬ ಪೆದ್ದನಂತೆ ಕಾಣುವ ಆಳು, ಒಂದು ನಾಯಿ, ಒಂದು ಕೆಟ್ಟುನಿಂತ ಜೀಪು! ಓದುವಾಗಲೇ ಆಕಳಿಕೆ.

ತೇಜಸ್ವಿಯವರಿಂದ ಕಲಿಯಬೇಕಾದದ್ದು ಬೇರೆ. 1980ರಲ್ಲಿ ಪುಸ್ತಕವಾಗಿ ಬಂದ ‘ಕರ್ವಾಲೊ’ದಲ್ಲಿ ವಿಜ್ಞಾನಿ ಕರ್ವಾಲೊ ಗೌರವ ಕೊಡುವುದು ಜೇನು ಹುಡುಕುವ ಮಂದಣ್ಣನ ಕಣ್ಣಿಗೆ. ಹಾರುವ ಓತಿಯನ್ನು ಕಂಡವನು ಅವನು. ಊರವರ ಕಣ್ಣಿಗೆ ಉಂಡಾಡಿಯಾದವನು ವಿಜ್ಞಾನಿಯ ಕಣ್ಣಿಗೆ ಹುಟ್ಟಾ ನಿಸರ್ಗ ಶೋಧಕ. ತೇಜಸ್ವಿ ಸ್ವತಃ ಹಕ್ಕಿ ಚಿತ್ರ ತೆಗೆಯುವುದರಲ್ಲಿ, ಗಾಳ ಹಾಕುವುದರಲ್ಲಿ ವರ್ಷಗಟ್ಟಲೆ ಕಳೆದರು. ‘ಪರಿಸರದ ಕತೆ’ಯ ಹಿಂದೆ ಇರುವುದು ಆ ವರ್ಷಗಳು, ಆ ಧಾಟಿಯಲ್ಲ. ಹವ್ಯಾಸದ ಪತ್ರಿಕೆಗೆ ಬರೆಯುವವರು ತೇಜಸ್ವಿ ಆಗಬೇಕಾಗಿಲ್ಲ. ಮಂದಣ್ಣ ಆದರೆ ಸಾಕು. ಕಂಡದ್ದನ್ನು ಬರೆಯುವ ಮಂದಣ್ಣ.

ಕಾಣಲು ಇಲ್ಲಿ ಬೇಕಾದಷ್ಟಿದೆ. ಕರ್ನಾಟಕದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು 204 ಬಗೆಯ ಹಕ್ಕಿಗಳನ್ನು ಪಟ್ಟಿ ಮಾಡಿತು. ಮೂರರಲ್ಲಿ ಹಕ್ಕಿವೈವಿಧ್ಯ ಹೆಚ್ಚಿದ್ದದ್ದು ಕಾಫಿ ತೋಟಗಳಲ್ಲಿ. ಅದಕ್ಕೆ ಕಾರಣ ನೆರಳಿನ ಮರಗಳು: ಅತ್ತಿ, ಬಸರಿ, ಹಲಸು, ನಂದಿ, ಹಾಲುವಾಣ. ಸಂಶೋಧಕರು ಬಂದು ಎಣಿಸಿಕೊಂಡು ಹೋಗುತ್ತಾರೆ. ಬಸರಿ ಮರ ಯಾವ ವಾರ ಹಣ್ಣಾಯಿತು, ಮಂಗಟ್ಟೆ ಎಷ್ಟು ದಿನ ಬಂತು ಎಂಬುದನ್ನು ಮರದ ಕೆಳಗೆ ಮನೆ ಮಾಡಿಕೊಂಡವರೇ ಹೇಳಬೇಕು.

### ಕಳಿಸುವ ಮೊದಲು ಓದಿ

ಬಹಳ ಲೇಖನಗಳು ವಾಪಸಾಗುವುದು ಕೆಟ್ಟದಾಗಿವೆ ಎಂದಲ್ಲ, ತಪ್ಪು ಮನೆಯ ಕದ ತಟ್ಟಿವೆ ಎಂದು. ಹಕ್ಕಿ ಪತ್ರಿಕೆಗೆ ಕವನ, ಕೃಷಿ ಮಾಸಿಕಕ್ಕೆ ಪ್ರವಾಸ ಕಥನ, ಮಕ್ಕಳ ವಿಜ್ಞಾನ ಪತ್ರಿಕೆಗೆ ಪಿಎಚ್.ಡಿ. ಅಧ್ಯಾಯ! ಯಾವ ಪತ್ರಿಕೆಗೆ ಬರೆಯಬೇಕೆಂದಿದ್ದೀರೋ ಅದರ ಇತ್ತೀಚಿನ ನಾಲ್ಕಾರು ಸಂಚಿಕೆ ಹರಡಿಕೊಂಡು ಕೂರಿ. ಓದುಗರು ಬರೆದದ್ದು ಯಾವ ಪುಟದಲ್ಲಿದೆ, ಸಿಬ್ಬಂದಿ ಬರೆದದ್ದು ಯಾವುದು, ಅಂಕಣಕಾರರದ್ದು ಯಾವುದು ಎಂದು ಗುರುತು ಹಾಕಿ. ಅಂಕಣದ ಜಾಗ ಹೊಸಬರಿಗೆ ಸಿಗದು. ಓದುಗರ ಪುಟ ಸಿಗುತ್ತದೆ.

ಅಚ್ಚಾದ ಒಂದು ಲೇಖನದ ಪದ ಎಣಿಸಿ. ಬೇಜಾರಿನ ಕೆಲಸ ನಿಜ, ಆದರೆ ಉದ್ದ ಎಷ್ಟಿರಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನಂಬಿಕಸ್ತ ಉತ್ತರ ಇಲ್ಲ. ಆರು ನೂರು ಪದದ ಜಾಗಕ್ಕೆ ಎರಡು ಸಾವಿರ ಪದ ಬಂದರೆ ಕತ್ತರಿಸುವ ಕೆಲಸ ಸಂಪಾದಕರ ತಲೆಗೆ ಬೀಳುತ್ತದೆ. ಅವರಿಗೆ ಪುರುಸೊತ್ತಿರುವುದಿಲ್ಲ, ಪಕ್ಕಕ್ಕಿಡುತ್ತಾರೆ.

ಕೃಷಿ ಪತ್ರಿಕೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿನ ಓದುಗರು ಕೇಳುವುದು ‘ಎಷ್ಟು ಖರ್ಚಾಯಿತು, ಎಷ್ಟು ಸತ್ತಿತು’ ಎಂದು. ಕಾಳುಮೆಣಸಿನ ಸೊರಗು ರೋಗಕ್ಕೆ ಮಾಡಿದ ಉಪಾಯ ಫಲಿಸಿದರೆ ಬರೆಯಿರಿ. ಫಲಿಸದಿದ್ದರೂ ಬರೆಯಿರಿ. ಗೆದ್ದವರ ಕತೆ ಎಲ್ಲ ಕಡೆ ಸಿಗುತ್ತದೆ. ಬಿಳಿ ಕಾಂಡಕೊರಕದ ಎದುರು ಸೋತು ಅರೇಬಿಕಾ ಕಿತ್ತು ರೋಬಸ್ಟಾ ಹಾಕಿದವರು ಲೆಕ್ಕ ಬಿಚ್ಚಿಟ್ಟರೆ ಅದನ್ನು ಕತ್ತರಿಸಿ ಇಟ್ಟುಕೊಳ್ಳುವವರು ಸಿಗುತ್ತಾರೆ. ಕೀಟದ ಗುರುತು ಗಟ್ಟಿಯಿಲ್ಲವೆಂದರೆ ಬಾಳೆಹೊನ್ನೂರಿನಲ್ಲಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. 1925ರಿಂದ ಅಲ್ಲಿ ಇದೇ ಕೆಲಸ. ಕೇಳಿ ಬರೆದರೆ ಸಂಪಾದಕರಿಗೆ ಅರ್ಧ ನೆಮ್ಮದಿ.

ಇಡೀ ಲೇಖನಕ್ಕೆ ಧೈರ್ಯ ಸಾಲದವರು ಓದುಗರ ಪತ್ರದಿಂದ ಶುರು ಮಾಡಬಹುದು. ಹಿಂದಿನ ಸಂಚಿಕೆಯ ಲೇಖನಕ್ಕೆ ‘ಚೆನ್ನಾಗಿತ್ತು’ ಎಂದಷ್ಟೇ ಬರೆದರೆ ಅದು ಪತ್ರವಲ್ಲ, ಚಪ್ಪಾಳೆ. ‘ನಮ್ಮ ಕಳಸದ ಕಡೆ ಆ ಹೂ ಒಂದು ತಿಂಗಳು ತಡ’ ಎಂದು ಸೇರಿಸಿದರೆ ಸಂಪಾದಕರು ನಿಮ್ಮ ಹೆಸರು ನೆನಪಿಟ್ಟುಕೊಳ್ಳುತ್ತಾರೆ.

### ‘ಮಲೆನಾಡಿನ ಹಕ್ಕಿಗಳು’ ಬೇಡ

ಹೊಸಬರು ಆಯ್ದುಕೊಳ್ಳುವ ವಿಷಯ ಸಾಮಾನ್ಯವಾಗಿ ಬೆಟ್ಟದಷ್ಟಿರುತ್ತದೆ. ‘ಮಲೆನಾಡಿನ ಹಕ್ಕಿಗಳು’, ‘ಕಾಫಿಯ ಇತಿಹಾಸ’, ‘ಪಶ್ಚಿಮ ಘಟ್ಟ ಉಳಿಸಿ’. ಬಾಬಾಬುಡನ್ ಏಳು ಬೀಜ ತಂದ ಕತೆ ಕನ್ನಡದಲ್ಲಿ ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕ ಇಟ್ಟವರಿಲ್ಲ. ಎಂಟನೆಯ ಬೀಜ ಏನಾದರೂ ಸಿಕ್ಕಿದರೆ ಬರೆಯಿರಿ, ಇಲ್ಲವಾದರೆ ಬಿಟ್ಟುಬಿಡಿ.

ಚಿಕ್ಕದು ಹಿಡಿಯಿರಿ. ಅಡುಗೆಮನೆ ಕಿಟಕಿಯ ಪಕ್ಕದ ಗಿಡದಲ್ಲಿ ಕೆಮ್ಮೀಸೆ ಪಿಕಳಾರ ಗೂಡು ಕಟ್ಟಿ ಮರಿ ಹಾರಿಸಿದ ತಿಂಗಳು. ಭದ್ರೆಯ ಒಂದೇ ಗುಂಡಿಯಲ್ಲಿ ಮಳೆಗಾಲದ ಮೊದಲು, ಆಮೇಲೆ ಗಾಳಕ್ಕೆ ಸಿಕ್ಕಿದ ಮೀನು. ಬಿದ್ದ ಹಲಸಿನ ಮರದ ಸೀತಾಳೆ ದಂಡೆಯನ್ನು ಬೇರೆ ಮರಕ್ಕೆ ಕಟ್ಟಿದ್ದು ಹಿಡಿಯಿತೋ ಒಣಗಿತೋ ಎಂಬ ವರದಿ. ಇವನ್ನು ನೀವಲ್ಲದೆ ಬೇರೆ ಯಾರೂ ಬರೆಯಲಾರರು. ಸಂಪಾದಕರ ಮೇಜಿನ ಮೇಲೆ ಇದಕ್ಕೆ ಪೈಪೋಟಿಯೇ ಇಲ್ಲ.

2022ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನಲ್ಲಿ ಕುರಿಂಜಿ ಅರಳಿ ಬೆಟ್ಟ ನೀಲಿಯಾಯಿತು. ಪತ್ರಿಕೆಗಳ ತುಂಬ ಚಿತ್ರ, ರಸ್ತೆ ತುಂಬ ಕಾರು. ಕುರಿಂಜಿಯಲ್ಲೇ ಹಲವು ಜಾತಿ, ಒಂದೊಂದಕ್ಕೂ ಅರಳುವ ವರ್ಷದ ಲೆಕ್ಕ ಬೇರೆ. ಯಾವ ಇಳಿಜಾರಿನಲ್ಲಿ ಯಾವುದು ಹಿಂದೆ ಯಾವಾಗ ಅರಳಿತ್ತು ಎನ್ನುವ ಹಳೆಯ ಟಿಪ್ಪಣಿ ಆಗ ಯಾರ ಕೈಯಲ್ಲಿದ್ದರೂ ಅದಕ್ಕೆ ನೂರು ಚಿತ್ರಗಳ ಬೆಲೆ. 2022ರಲ್ಲಿ ಬರೆದಿಟ್ಟವರಿದ್ದರೆ, ಮುಂದಿನ ಹೂವಿನ ವರ್ಷ ಅವರದೇ ಲೇಖನ.

ಬಾಕ್ಸ್: ಸಂಪಾದಕರ ಕತ್ತರಿ ಹೀಗೆ (ಎರಡೂ ಮಾದರಿ ಕಲ್ಪಿತ)

*ಬರುವುದು:* ‘ಸಹ್ಯಾದ್ರಿಯ ಹಸಿರು ಮಡಿಲಲ್ಲಿ, ಮಂಜಿನ ಮುಸುಕು ಹೊದ್ದ ನಮ್ಮ ಪುಟ್ಟ ಊರಿನಲ್ಲಿ ಪ್ರಕೃತಿಮಾತೆ ತನ್ನ ಸಕಲ ಸೊಬಗನ್ನೂ ಧಾರೆ ಎರೆದಿದ್ದಾಳೆ. ಒಮ್ಮೆ ನಮ್ಮ ತೋಟದಲ್ಲಿ ಅಪರೂಪದ ಮಂಗಟ್ಟೆಯೊಂದು ಕಾಣಿಸಿಕೊಂಡು ಮನಸೂರೆಗೊಂಡಿತು.’

*ಬೇಕಾದದ್ದು:* ‘ಮನೆ ಹಿಂದಿನ ಬಸರಿ ಮರ ಫೆಬ್ರವರಿ ಎರಡನೇ ವಾರ ಹಣ್ಣಾಯಿತು. ಬೆಳಗ್ಗೆ ಏಳರಿಂದ ಎಂಟರೊಳಗೆ ಮೂರು ಮಂಗಟ್ಟೆ ಬರುತ್ತಿದ್ದವು. ಇಪ್ಪತ್ತನೇ ತಾರೀಕಿನಿಂದ ಎರಡೇ. ಇನ್ನೊಂದು ಗೂಡಿಗೆ ಕೂತಿರಬಹುದು ಎಂಬುದು ನನ್ನ ಊಹೆ, ಪೊಟರೆ ಕಂಡಿಲ್ಲ.’

ಮೊದಲನೆಯದರಲ್ಲಿ ‘ಒಮ್ಮೆ’ ಎಂದರೆ ಯಾವಾಗ? ‘ಅಪರೂಪ’ ಎಂದವರು ಯಾರು? ಕಾಫಿ ಸೀಮೆಯಲ್ಲಿ ಮಲೆ ಮಂಗಟ್ಟೆ ಅಪರೂಪವೇ ಅಲ್ಲ.

### ಕಂಡದ್ದು ಬೇರೆ, ಊಹಿಸಿದ್ದು ಬೇರೆ

ಬಾಕ್ಸಿನ ಎರಡನೇ ಮಾದರಿಯ ಕೊನೆಯ ವಾಕ್ಯವನ್ನು ಇನ್ನೊಮ್ಮೆ ನೋಡಿ. ಕಂಡದ್ದು ಮೂರು ಎರಡಾದದ್ದು. ಗೂಡಿಗೆ ಕೂತದ್ದು ಊಹೆ. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಸೇರಿ ಬಾಗಿಲು ಮೆತ್ತಿಕೊಂಡು ಮೊಟ್ಟೆ ಇಡುತ್ತದೆ, ಗಂಡು ಆಹಾರ ತಂದು ಕೊಡುತ್ತದೆ ಎಂಬುದು ಪುಸ್ತಕದಲ್ಲಿದೆ. ಹಾಗಾಗಿ ಊಹೆ ಒಪ್ಪುವಂಥದ್ದೇ. ಆದರೂ ಊಹೆ ಎಂದೇ ಬರೆಯಬೇಕು. ನಾಳೆ ಇನ್ನೊಬ್ಬರು ಅದನ್ನು ಎತ್ತಿ ‘ಕಂಡುಬಂದಿದೆ’ ಎಂದು ಉದ್ಧರಿಸಿದರೆ ತಪ್ಪು ನಿಮ್ಮ ಹೆಸರಿನಲ್ಲೇ ಓಡಾಡುತ್ತದೆ.

ದಿನಾಂಕ, ಹೊತ್ತು, ಜಾಗ, ಹವೆ: ಈ ನಾಲ್ಕೂ ಬೇಕು. ಮಳೆ ನಕ್ಷತ್ರದ ಹೆಸರು ಹಾಕಿದರೆ ಚೆಂದ, ಜೊತೆಗೆ ತಾರೀಕೂ ಇರಲಿ. ಪುಷ್ಯ ಮಳೆ ಅಂದರೆ ಕಳಸದ ಅಜ್ಜಿಗೆ ಗೊತ್ತು, ಕಲಬುರಗಿಯ ಕಾಲೇಜು ಹುಡುಗನಿಗೆ ಜುಲೈ ಕೊನೆ ಎಂದು ಹೇಳಬೇಕು. ಗಿಡ, ಹಕ್ಕಿಗೆ ನಿಮ್ಮೂರಿನ ಹೆಸರು ಮೊದಲು, ವೈಜ್ಞಾನಿಕ ಹೆಸರು ಪಕ್ಕದಲ್ಲಿ. ಒಂದೇ ಗಿಡಕ್ಕೆ ಕೊಪ್ಪದಲ್ಲೊಂದು, ಸಕಲೇಶಪುರದಲ್ಲೊಂದು ಹೆಸರು.

ಅಡುಗೆ ಬರೆಯುವವರಿಗೆ ಇದು ಇನ್ನೂ ಮುಖ್ಯ. ಕಳಲೆ ಪಲ್ಯದ ವಿಧಾನ ಬರೆದು, ಹೆಚ್ಚಿದ ಕಳಲೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತ ನೆನೆಹಾಕಬೇಕು ಎಂಬ ಒಂದು ಸಾಲು ಬಿಟ್ಟರೆ? ಮಲೆನಾಡಿನವರು ಅದನ್ನು ಹೇಳುವುದೇ ಇಲ್ಲ, ಹೇಳುವಂಥದ್ದು ಅಂತಲೇ ಅವರಿಗೆ ಅನ್ನಿಸುವುದಿಲ್ಲ. ಎಳೆಬಿದಿರಿನಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ನೆನೆಸಿ ಬೇಯಿಸಿದರಷ್ಟೇ ಹೋಗುತ್ತದೆ. ಪೇಟೆಯ ಓದುಗರು ಸೂಪರ್ ಮಾರ್ಕೆಟಿನ ತರಕಾರಿ ಹಾಗೆ ನೇರ ಬಾಣಲೆಗೆ ಹಾಕಿದರೆ ಗತಿಯೇನು? ಕಾಡಿನ ಅಣಬೆಯ ಗುರುತು ಹೇಳಿ ‘ತಿನ್ನಬಹುದು’ ಎನ್ನುವ ಬರಹವನ್ನಂತೂ ಎಚ್ಚರದ ಸಂಪಾದಕರು ಮುಟ್ಟುವುದಿಲ್ಲ. ಅವರನ್ನು ಬೈದುಕೊಳ್ಳಬೇಡಿ.

ಹಾಗೆಯೇ ಕಾಡುಪ್ರಾಣಿ ಸಾಕಿದ, ಹಿಡಿದ ಪ್ರತಾಪ. ಅಜ್ಜನ ಶಿಕಾರಿಯನ್ನು ನೆನಪಾಗಿ ಬರೆಯಬಹುದು. ನಿನ್ನೆ ಅಳಿಲಿನ ಮರಿ ತಂದು ಪಂಜರದಲ್ಲಿಟ್ಟದ್ದನ್ನು ಬರೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಂಪಾದಕರಿಗಿಂತ ಮೊದಲು ಓದುತ್ತದೆ.

### ಚಿತ್ರವಿದ್ದರೆ ಅರ್ಧ ಗೆದ್ದಂತೆ

ಪುಟ ಕಟ್ಟುವವರಿಗೆ ಚಿತ್ರ ಬೇಕೇ ಬೇಕು. ಸಾಧಾರಣ ಬರಹ ಒಳ್ಳೆಯ ಚಿತ್ರದ ಬೆನ್ನೇರಿ ಪುಟ ಸೇರಿದ್ದುಂಟು. ಆದರೆ ವಾಟ್ಸ್‌ಆ್ಯಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ದಾರಿಯಲ್ಲೇ ಸೊರಗುತ್ತದೆ. ಮೊಬೈಲ್ ಪರದೆಯಲ್ಲಿ ಮಿಂಚುವುದು ಅಚ್ಚಿನಲ್ಲಿ ಮಸಿ. ಲೆಕ್ಕ ಸುಲಭ: ಒಳ್ಳೆಯ ಕಾಗದದ ಪತ್ರಿಕೆಗೆ ಇಂಚಿಗೆ 300 ಚುಕ್ಕಿ ಬೇಕು. ಆರು ಇಂಚು ಅಗಲ ಅಚ್ಚಾಗಬೇಕಾದರೆ 1800 ಪಿಕ್ಸೆಲ್. ಕ್ಯಾಮೆರಾದ ಮೂಲ ಕಡತವನ್ನು ಇಮೇಲಿಗೆ ಲಗತ್ತಿಸಿ, ಇಲ್ಲವೇ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ. ಮೂಲೆಯಲ್ಲಿ ನಿಮ್ಮ ಹೆಸರಿನ ಮುದ್ರೆ, ತಾರೀಕಿನ ಕೆಂಪಂಕಿ ಬೇಡ. ಹೆಸರನ್ನು ಪತ್ರಿಕೆ ಕೆಳಗೆ ಹಾಕುತ್ತದೆ. ಚಿತ್ರ ತೆಗೆದವರು ನೀವಲ್ಲವಾದರೆ ತೆಗೆದವರ ಒಪ್ಪಿಗೆ ಬೇಕು.

ಪ್ರತಿ ಚಿತ್ರಕ್ಕೂ ಒಂದು ಸಾಲು ಬರೆಯಿರಿ. ‘ಐಎಂಜಿ 4471’ ಎಂಬ ಹೆಸರಿನ ಕಡತದಲ್ಲಿರುವುದು ಕಾಕರಣೆ ಹಕ್ಕಿಯೋ ನಿಮ್ಮ ಸೋದರಮಾವನೋ ಎಂದು ಪುಟ ವಿನ್ಯಾಸಕರಿಗೆ ಹೇಗೆ ತಿಳಿಯಬೇಕು?

ಗೂಡಿನ ಚಿತ್ರ ತೆಗೆಯುವ ಚಪಲಕ್ಕೆ ಈಗ ಕಡಿವಾಣ ಬಿದ್ದಿದೆ. ಗೂಡಿನ ಸುತ್ತ ಎಲೆ ಸರಿಸಿದರೆ ಕಾಗೆ, ಹಾವಿಗೆ ದಾರಿ ತೋರಿಸಿದಂತೆ. ಅದಕ್ಕೆ ಹಲವು ಹಕ್ಕಿ ಪತ್ರಿಕೆಗಳು, ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರವನ್ನೇ ಒಪ್ಪುವುದಿಲ್ಲ. ಗೂಬೆ, ಕಾಡುಪಾಪ, ಅಪರೂಪದ ಸೀತಾಳೆ ಸಿಕ್ಕಿದ ಜಾಗವನ್ನು ಲೇಖನದಲ್ಲಿ ತಾಲ್ಲೂಕಿನ ಮಟ್ಟಕ್ಕೆ ನಿಲ್ಲಿಸಿ. ನಿಖರ ಜಾಗವನ್ನು ಬೇಕಾದರೆ ಸಂಪಾದಕರಿಗೆ ಖಾಸಗಿಯಾಗಿ ತಿಳಿಸಿ.

### ನುಡಿ, ಬರಹ, ಯುನಿಕೋಡ್

ಕನ್ನಡದ ಲೇಖಕರಿಗೆ ಇರುವ ಸಂಕಟ ಇದು. ಹಳೆಯ ‘ನುಡಿ’ ಅಥವಾ ‘ಬರಹ’ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಕಡತ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಕೀರಲು ಗೆರೆಗಳ ಸಂತೆ. ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ದಿಕ್ಕಾಪಾಲು. ಯುನಿಕೋಡಿನಲ್ಲಿ ಬರೆಯಿರಿ. ಮೊಬೈಲಿನ ಕನ್ನಡ ಕೀಲಿಮಣೆ ಈಗ ಯುನಿಕೋಡೇ. ವರ್ಡ್ ಕಡತ ಅಥವಾ ಇಮೇಲಿನ ಒಡಲಲ್ಲೇ ಪಠ್ಯ ಕಳಿಸಿ. ಪಿಡಿಎಫ್ ಬೇಡ, ಅದನ್ನು ತಿದ್ದುವುದು ಕಷ್ಟ.

ಕಂಪ್ಯೂಟರ್ ಬಾರದ ಹಿರಿಯರು ಕೈಬರಹದಲ್ಲೇ ಕಳಿಸಲಿ, ತಪ್ಪಿಲ್ಲ. ಹಾಳೆಯ ಒಂದೇ ಮಗ್ಗುಲು, ಅಂಚು ಬಿಟ್ಟು, ಸಾಲಿನ ನಡುವೆ ಜಾಗ ಬಿಟ್ಟು. ಒಂದು ಜೆರಾಕ್ಸ್ ಮನೆಯಲ್ಲಿರಲಿ. ಮನೆಯ ಮೊಮ್ಮಗಳು ಟೈಪ್ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು, ಬರಹದ ಮೊದಲ ವಿಮರ್ಶಕಿಯೂ ಅವಳೇ ಆಗುತ್ತಾಳೆ.

ಜೊತೆಗೊಂದು ನಾಲ್ಕು ಸಾಲಿನ ಪತ್ರ: ನೀವು ಯಾರು, ಎಲ್ಲಿರುವುದು, ಇದನ್ನು ನೀವೇ ನೋಡಿದ್ದೋ, ಬೇರೆಲ್ಲೂ ಪ್ರಕಟವಾಗಿಲ್ಲವೆಂಬ ಮಾತು, ಫೋನ್ ನಂಬರು. ಯಾರದೋ ಫಾರ್ವರ್ಡ್ ಸಂದೇಶವನ್ನು ಹಿಗ್ಗಿಸಿ ಲೇಖನ ಮಾಡುವವರ ಕಾಟದಿಂದ ಸಂಪಾದಕರು ಬೇಸತ್ತಿದ್ದಾರೆ. ‘ಇದು ನಮ್ಮ ತೋಟದಲ್ಲಿ ನಡೆದದ್ದು, ಬೇಕಾದರೆ ಫೋನ್ ಮಾಡಿ’ ಎಂಬ ಸಾಲಿಗೆ ಈಗ ಹಿಂದೆಂದಿಗಿಂತ ತೂಕ.

ಒಂದು ಸಲಕ್ಕೆ ಒಂದೇ ಪತ್ರಿಕೆ. ಮೂರು ಕಡೆ ಕಳಿಸಿ ಎರಡು ಕಡೆ ಅಚ್ಚಾದರೆ ಮುಂದೆ ಎರಡೂ ಕಡೆ ಬಾಗಿಲು ಹಾಕಿದಂತೆ. ತಿಂಗಳಾದರೂ ಸುದ್ದಿ ಇಲ್ಲವೆಂದರೆ ಒಂದು ಸೌಜನ್ಯದ ನೆನಪೋಲೆ ಹಾಕಿ. ಉತ್ತರ ಬರದಿದ್ದರೆ ‘ವಾಪಸ್ ತೆಗೆದುಕೊಳ್ಳುತ್ತಿದ್ದೇನೆ’ ಎಂದು ತಿಳಿಸಿ ಇನ್ನೊಂದು ಕಡೆ ಕಳಿಸಿ. ಹಿಂದೆ ಸ್ವವಿಳಾಸದ, ಅಂಚೆಚೀಟಿ ಹಚ್ಚಿದ ಲಕೋಟೆ ಲಗತ್ತಿಸಿದರೆ ವಿಷಾದ ಪತ್ರವಾದರೂ ಬರುತ್ತಿತ್ತು. ಈಗ ವಿಷಾದಕ್ಕೂ ಯಾರಿಗೂ ಬಿಡುವಿಲ್ಲ.

ಇನ್ನು ಸಂಭಾವನೆ. ದೊಡ್ಡ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಹವ್ಯಾಸಿ ಬಳಗಗಳ ಪುಟ್ಟ ಪತ್ರಿಕೆಗಳಲ್ಲಿ ಬಹುಪಾಲು ಇರುವುದಿಲ್ಲ. ಆ ಬಳಗದವರೇ ಕೈಯಿಂದ ಹಾಕಿ ನಡೆಸುತ್ತಿರುತ್ತಾರೆ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಲೇಖನ ಒಪ್ಪಿದ ಮೇಲೆ ಕೇಳಿ, ಕಳಿಸುವ ಪತ್ರದಲ್ಲೇ ಬ್ಯಾಂಕ್ ಖಾತೆ ಸಂಖ್ಯೆ ಬರೆಯುವುದು ಮಾತ್ರ ಸ್ವಲ್ಪ ಅವಸರವಾಯಿತು.

### ಮಳೆಗಿಂತ ಮುಂಚೆ ಹೊರಡಿ

ಹೂ ಅರಳಿದ ದಿನ ಉತ್ಸಾಹದಿಂದ ಬರೆದು ಕಳಿಸಿದ ಲೇಖನ ಮಾಸಪತ್ರಿಕೆ ತಲುಪುವ ಹೊತ್ತಿಗೆ ಮುಂದಿನ ಸಂಚಿಕೆ ಅಚ್ಚಿಗೆ ಹೋಗಿರುತ್ತದೆ. ಅದರ ಮುಂದಿನದಕ್ಕೆ ಹೂ ಉದುರಿ ಕಾಯಿ ಕಟ್ಟಿರುತ್ತದೆ. ಮಾಸಿಕಕ್ಕಾದರೆ ಎರಡು ತಿಂಗಳು, ವಾರಪತ್ರಿಕೆಗೆ ಒಂದು ತಿಂಗಳು ಮುಂಚೆ ಮುಟ್ಟಿಸಿದರೆ ಕ್ಷೇಮ. ಕಾಫಿ ಹೂವಿನ ಬಗ್ಗೆ ಬರೆಯುವವರು ಈ ವರ್ಷದ ಹೂಮಳೆ ಕಾಯಬೇಕಿಲ್ಲ. ಹೋದ ವರ್ಷದ, ಅದರ ಹಿಂದಿನ ವರ್ಷದ ಮಳೆ ಪುಸ್ತಕ ಮುಂದಿಟ್ಟುಕೊಂಡು ಕೊಯ್ಲಿನ ನಡುವೆಯೇ, ಡಿಸೆಂಬರಿನಲ್ಲಿ ಬರೆದು ಕಳಿಸಬೇಕು.

ಕೈಯಳತೆಯಲ್ಲೇ ಇರುವ ವಿಷಯ ಒಂದಿದೆ. ಅಕ್ಟೋಬರಿನಲ್ಲಿ ಉತ್ತರದಿಂದ ನವರಂಗ ಹಕ್ಕಿಗಳು ಬರುತ್ತವೆ. ರಾತ್ರಿ ಹೊತ್ತು ಹಾರಿ ಬರುವ ಈ ಗಿಡ್ಡ ಬಾಲದ ಬಣ್ಣದ ಹಕ್ಕಿ ದಣಿದು, ದೀಪದ ಬೆಳಕಿಗೆ ದಿಕ್ಕುತಪ್ಪಿ ಮನೆಯ ಜಗುಲಿ, ಕಾಫಿ ಗೋದಾಮು, ಶಾಲೆಯ ವರಾಂಡ ಸೇರುವುದುಂಟು. ಚಿಕ್ಕಮಗಳೂರು ಜಿಲ್ಲೆಯ ಯಾವ ಊರಿಗೆ ಯಾವ ತಾರೀಕು ಮೊದಲು ಬಂತು ಎಂದು ಐದಾರು ಗೆಳೆಯರು ಸೇರಿ ಬರೆದಿಟ್ಟುಕೊಂಡರೆ ಸಾಕು. ಮೂಡಿಗೆರೆಯ ಒಬ್ಬರು, ಕಳಸದ ಒಬ್ಬರು, ಆಲ್ದೂರಿನ ಒಬ್ಬರು. ತಾರೀಕು, ಹೊತ್ತು, ಆ ರಾತ್ರಿ ಮಳೆ ಇತ್ತೋ ಇಲ್ಲವೋ, ಹಕ್ಕಿ ಬದುಕಿತೋ ಸತ್ತಿತೋ. ನವೆಂಬರ್ ಶುರುವಿಗೇ ಒಬ್ಬರು ಕೂತು ಅದನ್ನು ಒಂದು ಪುಟಕ್ಕೆ ಇಳಿಸಿ ಎಲ್ಲರ ಹೆಸರೂ ಹಾಕಿ ಕಳಿಸಿದರೆ, ಜನವರಿ ಸಂಚಿಕೆಗೆ ಇನ್ನೂ ಸಮಯವಿದೆ.